ಮನೆಗೊಬ್ಬರೇ ಕಾಯಿಲೆಯವರು

ಅವಳ ಉಗುರಿಗೆ ತಿಳಿಹಸಿರು ಬಣ್ಣ, ಟ್ಯಾಬಿನ ಗಾಜಿನ ಮೇಲೆ ಆ ಉಗುರು ಟಕ್ ಎಂದರೆ ನನ್ನದೊಂದು ಅಂಗ ಮುಗಿಯಿತು ಎಂದರ್ಥ, ಮಂಡಿ ಟಕ್, ಸೊಂಟ ಟಕ್, ಎಡಗಿವಿ ಟಕ್, ವಾರಕ್ಕೆ ಎಷ್ಟು ದಿನ ನಿದ್ದೆ ಬರಲ್ಲ ಚಿಕ್ಕಮ್ಮ, ಎಂದು ಕೇಳುತ್ತಾಳೆ, ನಾನು ಬಾಯಿ ತೆರೆಯುವಷ್ಟರಲ್ಲಿ ಒಂದೆರಡು ದಿನವೋ, ಮೂರು ನಾಲ್ಕೋ, ಐದರಿಂದ ಏಳೋ, ಎಂದು ಅವಳೇ ಉತ್ತರಗಳನ್ನು ಜೋಡಿಸಿಡುತ್ತಾಳೆ, ನನ್ನ ನಿದ್ದೆ ಮೊಟ್ಟೆಯ ತಟ್ಟೆಯ ಹಾಗೆ ಗುಳಿಗುಳಿಯಾಗಿ ಹಂಚಿಹೋಗುತ್ತದೆ — ಒಳ್ಳೆಯ ಹುಡುಗಿಯೇ, ಹುಡುಗಿ ಏನು ಬಂತು, ಮೂವತ್ತೈದು ಇರಬೇಕು, ಹೆಸರು ನಿಯೆ, ವಿಶ್ವವಿದ್ಯಾಲಯದಿಂದ ಬಂದವಳು, ನಮ್ಮ ಕಲ್ಲಿದ್ದಲು ಗಣಿ ಕಾಲೊನಿಯ ಅರವತ್ತು ದಾಟಿದವರನ್ನೆಲ್ಲ ಎರಡು ವರ್ಷಕ್ಕೊಮ್ಮೆ ಈ ಆರೋಗ್ಯ ಕೇಂದ್ರಕ್ಕೆ ಕರೆಸಿ ಇದನ್ನೇ ಕೇಳುತ್ತಾಳೆ, ಹೋಗುವಾಗ ಕೈಗೊಂದು ಟವೆಲ್ ಕೊಡುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಾಗಿಲ ಹೊರಗೆ ಕೂತಿರುವವನ ಮೇಲೆ, ನನ್ನ ಗಂಡ ಹೌ, ಎಪ್ಪತ್ತಮೂರು ವರ್ಷ, ಈಗಲೂ ಅವನ ನಗು ಇಲ್ಲಿಯವರೆಗೆ ಕೇಳಿಸುತ್ತಿದೆ, ಬೆಳಿಗ್ಗೆ ಇಬ್ಬರನ್ನೂ ಒಟ್ಟಿಗೇ ಈ ಮೇಜಿನ ಮುಂದೆ ಕೂರಿಸಿ ನಿಯೆ ಮೊದಲ ಪ್ರಶ್ನೆ ಕೇಳಿದಳಲ್ಲ, ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ ಅನ್ಸತ್ತೆ, ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಸಾಧಾರಣ, ಕೆಟ್ಟಿದೆ, ತುಂಬಾ ಕೆಟ್ಟಿದೆ, ಐದರಲ್ಲಿ ಒಂದು ಹೇಳಿ, ಅವನು ಎದೆ ತಟ್ಟಿಕೊಂಡು ತುಂಬಾ ಚೆನ್ನಾಗಿದೆ ಎಂದ, ನಾನು ಕೆಟ್ಟಿದೆ ಎಂದೆ, ಅಷ್ಟಕ್ಕೇ ಅವನು ಸಾಲಿನಲ್ಲಿ ಕೂತವರ ಕಡೆ ತಿರುಗಿ, ನಮ್ಮ ಮುದುಕಿ ನಲವತ್ತು ವರ್ಷದಿಂದ ಸಾಯ್ತಾನೇ ಇದ್ದಾಳೆ, ಇನ್ನೂ ಮುಗಿದಿಲ್ಲ, ಎಂದ. ಎಲ್ಲರೂ ನಕ್ಕರು. ರಕ್ತದೊತ್ತಡ ನೋಡುವ ನರ್ಸ್ ನಕ್ಕಳು, ಅವನ ಚದುರಂಗದ ಗೆಳೆಯ ಮುದಿ ಚೀ ಎಲ್ಲರಿಗಿಂತ ಜೋರಾಗಿ ನಕ್ಕ. ನಿಯೆ ಒಬ್ಬಳೇ ನಗದೆ, ಒಬ್ಬೊಬ್ಬರನ್ನೇ ಕೇಳ್ಬೇಕು ಚಿಕ್ಕಪ್ಪ, ನೀವು ಹೊರಗಿರಿ, ಎಂದಳು.

ಕೆಟ್ಟಿದೆ ಎಂದದ್ದು ಸುಳ್ಳಲ್ಲ. ಹೇಳಲು ಕೂತರೆ ಎಲ್ಲಿಂದ ಶುರು ಮಾಡಲಿ, ದೀಪದ ಕೋಣೆಯ ಸಿಮೆಂಟು ನೆಲದಿಂದಲೇ ಶುರು ಮಾಡಬೇಕು, ಹತ್ತೊಂಬತ್ತು ವರ್ಷ ಅದರ ಮೇಲೆ ನಿಂತವಳು ನಾನು, ಗಣಿಗೆ ಇಳಿಯುವ ಗಂಡಸರಿಗೆ ಕಿಟಕಿಯಿಂದ ಹಣೆದೀಪ ಕೊಡುವುದು, ಮೇಲೆ ಬಂದಾಗ ಇಸಿದುಕೊಂಡು ಚಾರ್ಜಿಗೆ ಹಾಕುವುದು, ಬ್ಯಾಟರಿಯ ಆಸಿಡ್ ಬೆರಳ ಸಂದಿಗೆ ಇಳಿದು ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು, ಗೋಡೆಯಲ್ಲಿ ಅವರವರ ಮೊಳೆಗೆ ದೀಪ ವಾಪಸು ಬಾರದಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಲೆಕ್ಕ, ಮೊಳೆ ಖಾಲಿ ಇರುವಷ್ಟು ಹೊತ್ತು ಕೂರಲು ಮನಸ್ಸಾಗುತ್ತಿರಲಿಲ್ಲ, ಹಾಗೆ ನಿಂತು ನಿಂತೇ ಮಂಡಿ ಹೋಯಿತು. ಆಮೇಲೆ ಅತ್ತೆ. ಪಾರ್ಶ್ವವಾಯು ಹೊಡೆದು ಒಂಬತ್ತು ವರ್ಷ ಮಲಗಿದ್ದ ದೊಡ್ಡ ದೇಹದ ಹೆಂಗಸು, ದಿನಕ್ಕೆ ಆರು ಸಲ ಮಗ್ಗುಲು ಬದಲಿಸಬೇಕು, ಎತ್ತಬೇಕು, ಒರೆಸಬೇಕು, ಅವಳ ಬೆನ್ನಿನ ಮೇಲೆ ಒಂದು ಹುಣ್ಣೂ ಏಳಲಿಲ್ಲ ಎಂದು ಕಾಲೊನಿಯೆಲ್ಲ ಹೊಗಳಿತು, ನನ್ನ ಬೆನ್ನನ್ನು ಯಾರೂ ಕೇಳಲಿಲ್ಲ, ಅತ್ತೆ ಹೋದ ವಾರ ನಾನು ನೆಲದಿಂದ ಬಾಂಡ್ಲಿ ಎತ್ತಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ, ಹೌ ಬಂದು ನೋಡಿ, ಏನು ಹುಡುಕ್ತಿದ್ದೀಯ, ಎಂದ. ಮೂಳೆ ಡಾಕ್ಟರು ವಯಸ್ಸು ಎಂದರು, ಹೊಟ್ಟೆ ಡಾಕ್ಟರು ಚಿಂತೆ ಎಂದರು, ನಿದ್ದೆಯಿಲ್ಲ ಎಂದು ಹೋದರೆ ಸಂಜೆ ಚೌಕದಲ್ಲಿ ಎಲ್ಲರ ಜೊತೆ ಡ್ಯಾನ್ಸ್ ಮಾಡಿ ಅತ್ತಿಗೆ, ಎಲ್ಲಾ ಸರಿಹೋಗತ್ತೆ, ಎಂದರು. ಮಗಳು ಯುನ್ ಮೂರು ಬಸ್ ಸ್ಟಾಪಿನಾಚೆ ಇದ್ದಾಳೆ, ಭಾನುವಾರ ಬಂದು ಓಟ್ಸ್ ಹಿಟ್ಟಿನ ಶಾವಿಗೆಗೆ ವಿನೆಗರ್ ಸುರಿದುಕೊಂಡು ತಿನ್ನುತ್ತಾ, ಅಮ್ಮಾ ನಿಂಗೆ ಯಾವಾಗ್ಲೂ ಏನಾದ್ರೊಂದು ಇರತ್ತೆ, ಅಪ್ಪನ್ನ ನೋಡಿ ಕಲಿ, ಒಂದಿನ ತಲೆನೋವು ಅಂದಿದ್ದಾರಾ, ಎನ್ನುತ್ತಾಳೆ. ಅಪ್ಪ ತಲೆ ಎತ್ತದೆ ಬೆಳ್ಳುಳ್ಳಿ ಸುಲಿಯುತ್ತಿರುತ್ತಾನೆ, ತುಟಿ ಅಂಚಿನಲ್ಲಿ ಒಂದು ಸಣ್ಣ ನಗು, ಪದಕ ತೊಡಿಸಿಕೊಂಡವನ ನಗು. ನೋವನ್ನು ಹೇಳಿದವಳು ನಾನು, ಹಾಗಾಗಿ ನಾನು ಗೊಣಗುವವಳು. ಹೇಳದವನು ಅವನು, ಹಾಗಾಗಿ ಅವನಿಗೆ ನೋವಿಲ್ಲ. ಇಷ್ಟು ಸುಲಭದ ಲೆಕ್ಕವನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಒಪ್ಪಿಕೊಂಡಿದ್ದಾಳೆ.

ಇದನ್ನ ಹಿಡಿದು ಎಷ್ಟಾಗತ್ತೋ ಅಷ್ಟು ಅದುಮಿ, ಎಂದು ನಿಯೆ ಒಂದು ಕಬ್ಬಿಣದ ಹಿಡಿ ಕೊಟ್ಟಳು, ಅದುಮಿದೆ, ಅತ್ತೆಯನ್ನು ಎತ್ತಿದ ಕೈ ಅದು, ಅವಳು ಅಂಕಿ ನೋಡಿ, ಅಬ್ಬಾ ಚಿಕ್ಕಮ್ಮ, ಬೆಳಿಗ್ಗೆಯಿಂದ ಬಂದ ಹೆಂಗಸರಲ್ಲೆಲ್ಲ ನಿಮ್ಮದೇ ಜಾಸ್ತಿ, ಎಂದಳು, ಆಮೇಲೆ ಕುರ್ಚಿಯಿಂದ ಐದು ಸಲ ಎದ್ದು ಕೂತೆ, ಮಂಡಿ ಕಿರುಗುಟ್ಟಿದರೂ ಎದ್ದೆ, ಉಸಿರಿನ ಬಲ ಅಳೆಯುವ ಕೊಳವೆ ಊದಿಸಿದಳು, ಊದಿದೆ, ಕೆಂಪು ಮುಳ್ಳು ಸರ್ರೆಂದು ಮುನ್ನೂರರ ಹತ್ತಿರ ಹೋಯಿತು, ರಕ್ತದೊತ್ತಡವೂ ಸರಿಯಾಗಿತ್ತು, ನೋಡಿ ನೀವು ಎಷ್ಟು ಗಟ್ಟಿ ಇದ್ದೀರ, ಎಂದಳು. ಹೊಗಳಿದ್ದೇ ಇರಬೇಕು, ಆದರೆ ನನಗೆ ಸಿಕ್ಕಿಬಿದ್ದ ಹಾಗಾಯಿತು, ಇಷ್ಟು ದಿನ ಸುಳ್ಳು ಹೇಳುತ್ತಿದ್ದವಳನ್ನು ಯಂತ್ರ ಹಿಡಿದುಕೊಟ್ಟ ಹಾಗೆ, ಕೊನೆಯಲ್ಲಿ ಅವಳು, ಮೊದಲನೇ ಪ್ರಶ್ನೇನೇ ಕೊನೆಗೂ ಒಂದ್ಸಲ ಕೇಳ್ಬೇಕು, ನಿಯಮ ಹಾಗಿದೆ, ಈಗ ಹೇಗಿದೆ ಅನ್ಸತ್ತೆ, ಎಂದು ಕೇಳಿದಾಗ ಹೊರಗಿನಿಂದ ಹೌ ಮತ್ತೆ ನಕ್ಕದ್ದು ಕೇಳಿಸಿತು, ನನ್ನ ಬಾಯಿಂದ, ಸಾಧಾರಣ, ಎಂದು ಬಿತ್ತು. ಟಕ್. ನನ್ನ ಉತ್ತರಗಳನ್ನೆಲ್ಲ ಕಳಿಸಿಬಿಟ್ಟಳು. ಯಾಕೆ ಹಾಗೆಂದೆ, ಒಂದು ತಾಸು ಎಲುಬೆಲುಬೂ ಬಿಚ್ಚಿ ತೋರಿಸಿ ಕೊನೆಗೆ ಸಾಧಾರಣ, ನಾಚಿಕೆಯಾಗಬೇಕು. ಎಲ್ಲರೂ ಏನು ಹೇಳ್ತಾರೆ ಮೇಡಂ, ಎಂದು ಸುಮ್ಮನೆ ಕೇಳಿದೆ, ಅವಳು ಸುತ್ತ ನೋಡಿ ದನಿ ತಗ್ಗಿಸಿ, ಈ ಕಾಲೊನಿಯಲ್ಲಿ ಗಂಡಸರೆಲ್ಲ ಚೆನ್ನಾಗಿದ್ದಾರೆ ಚಿಕ್ಕಮ್ಮ, ಹೆಂಗಸರೆಲ್ಲ ಕಾಯಿಲೆಯವರು, ಆದರೆ ಎರಡು ವರ್ಷ ಬಿಟ್ಟು ಕರೆಯೋಕೆ ಬಂದು ಬಾಗಿಲು ತಟ್ಟಿದರೆ ತೆಗೆಯೋಕೆ ಉಳಿದಿರೋದು ಮಾತ್ರ ಹೆಂಗಸರೇ, ಎಂದಳು, ಹೇಳಿದ ಮೇಲೆ ಹೇಳಬಾರದಿತ್ತು ಎನ್ನಿಸಿರಬೇಕು, ಟವೆಲ್ಲಿನ ಪೊಟ್ಟಣ ಕೈಗಿಟ್ಟು, ಹೊರಗೆ ಬೆಂಚಲ್ಲಿ ಕೂತಿರಿ, ಚಿಕ್ಕಪ್ಪನ್ನ ಕಳಿಸಿ, ಎಂದಳು.

ಹೊರಗಿನ ಬೆಂಚಿನಲ್ಲಿ ಎಲ್ಲಿದೆ ಜಾಗ, ಸೂರ್ಯಕಾಂತಿ ಬೀಜ ಕಚ್ಚುವ ಮುದುಕರು ತುಂಬಿದ್ದಾರೆ, ಮುದಿ ಚೀ ಕಾಲು ಚಾಚಿ ಎರಡು ಜಾಗ ಹಿಡಿದಿದ್ದಾನೆ, ಹೌ ಎದ್ದು ಕೋಟಿನ ಗುಂಡಿ ಹಾಕಿಕೊಂಡು, ಎಷ್ಟು ಕಾಯಿಲೆ ಬರೆಸಿದೆ, ಪುಟ ಸಾಕಾಯ್ತಾ, ಎಂದು ನನ್ನನ್ನು ದಾಟಿ ಒಳಗೆ ಹೋದ, ನಾನು ಬಾಗಿಲೊಳಗೇ ಇದ್ದ ತೂಕದ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತೆ, ಅದಕ್ಕೂ ನಿಯೆಯ ಮೇಜಿಗೂ ನಡುವೆ ಒಂದು ನೀಲಿ ಪರದೆ ಅಷ್ಟೇ. ಕದ್ದು ಕೇಳಲು ಕೂತದ್ದಲ್ಲ. ಕೂತ ಮೇಲೆ ಏಳಲಿಲ್ಲ, ಅದು ನಿಜ. ಎಡಗಿವಿ ಹೋಗಿದೆ, ಬಲಗಿವಿ ಪರದೆಯ ಕಡೆಗಿತ್ತು. ಕೆಮ್ಮು ಇದೆಯಾ ಚಿಕ್ಕಪ್ಪ, ಇಲ್ಲ, ಕಫ, ಇಲ್ಲ, ಮೆಟ್ಟಿಲು ಹತ್ತುವಾಗ ಏದುಸಿರು, ಇಲ್ಲಪ್ಪ ನಾಲ್ಕನೇ ಮಹಡಿಗೆ ಓಡ್ತೀನಿ — ಓಡುತ್ತಾನಂತೆ, ಎರಡನೇ ಮಹಡಿಯಲ್ಲಿ ನಿಂತು ಎಲ್ಲ ಮನೆಯ ವಿದ್ಯುತ್ ಮೀಟರನ್ನೂ ಓದುತ್ತಾನೆ, ಪಕ್ಕದ ಮನೆಯವರು ಎಷ್ಟು ಉರಿಸಿದ್ದಾರೆ ನೋಡು ಎನ್ನುತ್ತಾನೆ, ಎರಡು ವರ್ಷದಿಂದ ಒಂದು ದಿನವೂ ಬಿಡದೆ ಓದುತ್ತಾನೆ. ಮಲಗೋಕೆ ಎಷ್ಟು ದಿಂಬು, ಒಂದು — ಎರಡು ರಜಾಯಿ ಮಡಚಿ ಬೆನ್ನಿಗೆ ಇಟ್ಟು ಕೂತೇ ಮಲಗುತ್ತಾನೆ, ಟಿವಿ ಚೆನ್ನಾಗಿ ಕಾಣ್ಸತ್ತೆ ಎಂದು, ಆರಿಸಿದ ಟಿವಿ. ಒಂದು ಬಟ್ಟಲು ತೊಳೆದವನಲ್ಲ, ಈಗ ತನ್ನ ಕರ್ಚೀಫನ್ನು ತಾನೇ ತೊಳೆದು ಬಾಲ್ಕನಿಯ ಮೂಲೆಯಲ್ಲಿ ಒಣಗಿಸುತ್ತಾನೆ, ಎಷ್ಟು ತೊಳೆದರೂ ಅದರ ಬೂದು ಬಣ್ಣ ಹೋಗುವುದಿಲ್ಲ, ನನಗೆ ಕಾಣುವುದಿಲ್ಲ ಎಂದುಕೊಂಡಿದ್ದಾನೆ. ಸ್ನಾನದ ಮನೆಯಲ್ಲಿ ನಾಟಕದ ಹಾಡು ಕೂಗುತ್ತಿದ್ದವನು, ಇಡೀ ಕಟ್ಟಡಕ್ಕೆ ಕೇಳಿಸುತ್ತಿತ್ತು, ಅದು ಯಾವಾಗ ನಿಂತಿತು, ಹಾಡು ನಿಂತ ದಿನ ನಮಗೆ ಗೊತ್ತಾಗುವುದೇ ಇಲ್ಲ, ತಿಂಗಳು ಕಳೆದ ಮೇಲೆ ಬರೀ ನೀರಿನ ಸದ್ದು ಕೇಳಿಸುತ್ತದೆ. ಗಣಿಯಲ್ಲಿದ್ದಾಗ ಎದೆಯ ಎಕ್ಸ್‌ರೇ ತೆಗೆಸಿದ್ರಾ, ಎಂದು ನಿಯೆ ಕೇಳಿದಳು, ಹೂಂ, ಎಲ್ಲಾ ಕ್ಲೀನು, ಧೂಳಿನ ರೋಗ ಇಲ್ಲ ಅಂತ ಕಾಗದಾನೇ ಇದೆ, ಎಂದ. ಕಾಗದ ಇದೆ. ಅದರೊಳಗಿನ ಎದೆ ಮುದಿ ಚೀಯದು.

ಮೂವತ್ತು ವರ್ಷದ ಮೇಲಾಯಿತು, ತೊಂಬತ್ತೊಂದರ ಚಳಿಗಾಲ, ಎದೆಯಲ್ಲಿ ನೆರಳು ಕಂಡವರನ್ನು ಸುರಂಗದ ಕೆಲಸದಿಂದ ತೆಗೆದು ಮೇಲೆ ಕಸ ಗುಡಿಸುವ ಕೆಲಸಕ್ಕೆ ಹಾಕುತ್ತಾರೆ ಎಂದು ಸುದ್ದಿ, ಕೆಳಗೆ ಇಳಿಯುವವರಿಗಷ್ಟೇ ಹೊಸ ಕಟ್ಟಡದಲ್ಲಿ ಮನೆ, ಹೌ ಆಗಲೇ ಬೆಳಿಗ್ಗೆ ಬೆಳಿಗ್ಗೆ ಕೆಮ್ಮುತ್ತಿದ್ದ, ಚೀ ಆಗಷ್ಟೇ ಬೇರೆ ಕಡೆಯಿಂದ ಬಂದ ಲಾರಿ ಡ್ರೈವರು, ಗಣಿಗೆ ಇಳಿದವನೇ ಅಲ್ಲ, ಇಬ್ಬರಿಗೂ ಒಂದೇ ಎತ್ತರ ಒಂದೇ ಕ್ರಾಪು, ಚೀ ಹೌನ ಟೋಪಿ ಹಾಕಿಕೊಂಡು ಹೌನ ಗುರುತಿನ ಚೀಟಿ ಹಿಡಿದು ಹೋಗಿ ಯಂತ್ರದ ಮುಂದೆ ನಿಂತು ಬಂದ, ಆ ದಿನ ನಮ್ಮ ಮನೆಯಲ್ಲಿ ಕುರಿಮಾಂಸ ತುಂಬಿದ ಡಂಪ್ಲಿಂಗ್ ಕಡುಬು ಮಾಡಿದೆ, ಚೀ ತಟ್ಟೆ ಮುಗಿಸಿ ಎದೆ ಸವರಿಕೊಂಡು, ಅತ್ತಿಗೆ, ಇನ್ಮೇಲೆ ನಿಮ್ಮ ಗಂಡನಿಗೆ ನನ್ನ ಶ್ವಾಸಕೋಶ, ಎಂದ, ನಾವು ಮೂವರೂ ನಕ್ಕೆವು. ನಾನೂ ನಕ್ಕೆ. ಬಿಸಿನೀರಿನ ಕೊಳವೆ ಇರುವ ಮನೆ, ಮಗುವಿಗೆ ಆರು ವರ್ಷ, ನೆಲಕ್ಕೆ ಕೆಂಪು ಬಣ್ಣ ಹೊಡೆಯೋಣ ಎಂದು ಆವತ್ತೇ ಮಾತಾಡಿದೆವು. ಆಮೇಲೆ ಹದಿಮೂರು ವರ್ಷ ಕೆಳಗೆ ಇಳಿದ. ದೀಪದ ಕೋಣೆ ಬಿಡುವವರೆಗೆ ಪ್ರತಿದಿನ ಕಿಟಕಿಯಲ್ಲಿ ಅವನ ದೀಪ ಇಸಿದುಕೊಂಡವಳು ನಾನೇ, ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದ, ಹಲ್ಲೊಂದನ್ನು ಬಿಟ್ಟು ಮುಖವೆಲ್ಲ ಕಪ್ಪು, ನನಗೆ ಬೇಕಾಗಿದ್ದ ಉತ್ತರವೂ ಅದೇ.

ಊದಿ ಚಿಕ್ಕಪ್ಪ, ಉಸಿರು ಪೂರಾ ಎಳ್ಕೊಂಡು ಒಂದೇ ಸಲಕ್ಕೆ, ಎಂದಳು ನಿಯೆ. ಪರದೆ ಅಂಚಿನಲ್ಲಿ ಎರಡು ಬೆರಳು ಅಗಲದ ಸಂದಿ, ಅವನ ಬೆನ್ನು ಕಂಡಿತು, ಭುಜ ಮೇಲೆದ್ದಿತು, ಊದಿದ, ಆಮೇಲೆ ಕೆಮ್ಮಿದ, ಕೆಮ್ಮನ್ನು ನುಂಗಿದ, ನಿಮ್ಮ ಕೊಳವೆ ತೂತಾಗಿದೆ ಮೇಡಂ, ಎಂದ. ಇನ್ನೊಂದು ಸಲ, ಎಂದಳು. ಊದಿದ. ಇನ್ನೊಂದು. ಮೂರನೆಯ ಸಲ ಊದಿದ ಮೇಲೆ ಅವಳು ಅಂಕಿಯನ್ನು ಗಟ್ಟಿಯಾಗಿ ಓದಲಿಲ್ಲ, ನನ್ನದನ್ನು ಓದಿದ್ದಳು, ಎಲ್ಲರದನ್ನೂ ಓದಿದ್ದಳು, ಉಗುರು ಮಾತ್ರ ಒಮ್ಮೆ ಬಡಿಯಿತು. ಸ್ವಲ್ಪ ನೀರು ಕುಡೀರಿ, ಎಂದಳು. ಕೊನೇ ಪ್ರಶ್ನೆ, ಬೆಳಿಗ್ಗೆ ಕೇಳಿದ್ದೇ ಮತ್ತೆ ಕೇಳ್ತೀನಿ, ಒಟ್ಟಾರೆ ಆರೋಗ್ಯ ಹೇಗಿದೆ ಅನ್ಸತ್ತೆ, ಐದರಲ್ಲಿ ಒಂದು. ಹೊರಗೆ ಯಾರೋ ಬೀಜದ ಸಿಪ್ಪೆ ಉಗುಳಿದರು, ತೂಕದ ಯಂತ್ರದ ಕೆಳಗೆ ಒಂದು ಜಿರಳೆ ಓಡಿತು. ಅವಳು ಹೊರಗಿದ್ದಾಳಾ, ಎಂದು ಕೇಳಿದ. ಆ ದನಿ ಅವನದಲ್ಲ, ನಲವತ್ತಾರು ವರ್ಷದಲ್ಲಿ ಒಂದು ಸಲವೂ ನಾನು ಕೇಳದ ದನಿ, ಹೂಂ, ಬೆಂಚಲ್ಲಿದ್ದಾರೆ, ಎಂದಳು ನಿಯೆ. ಕೆಟ್ಟಿದೆ, ಎಂದ. ಎರಡು ಚಳಿಗಾಲ ಆಯ್ತು, ಮಲಗಿದರೆ ಎದೆ ಮೇಲೆ ಯಾರೋ ಕೂತ ಹಾಗಾಗತ್ತೆ, ಅವಳಿಗೆ ಹೇಳ್ಬೇಡಿ, ಎಂದ. ಯಾಕೆ ಚಿಕ್ಕಪ್ಪ, ಮನೆಯವರಿಗೆ ಗೊತ್ತಿರಬೇಕಲ್ವಾ, ಎಂದಳು. ಅವನು ಸಣ್ಣಗೆ ಹೂಂಕರಿಸಿ, ಒಂದು ಮನೇಲಿ ಎಷ್ಟು ಜನ ಕಾಯಿಲೆ ಬೀಳೋಕಾಗತ್ತೆ ಮೇಡಂ, ಒಬ್ಬರಿಗೇ ಜಾಗ ಇರೋದು, ಆ ಜಾಗ ಅವಳು ಹಿಡ್ಕೊಂಡಿದ್ದಾಳೆ, ಎಂದ. ತಮಾಷೆಯ ಮಾತು. ಆದರೆ ಹೇಳಿ ಅವನು ನಗಲಿಲ್ಲ.

ಜಾಗ ಹಿಡಿದಿದ್ದೇನಂತೆ. ಹಾಗೆಂದರೆ ಏನು, ಬಸ್ಸಿನಲ್ಲಿ ಕರ್ಚೀಫು ಹಾಕಿ ಹಿಡಿದ ಹಾಗೆ ಹಿಡಿದೆನಾ, ಆ ಜಾಗದಲ್ಲಿ ನನಗೆ ಏನು ಸಿಕ್ಕಿತು, ಜ್ವರ ಬಂದಾಗಲೂ ಒಲೆ ಹಚ್ಚಿದವಳು ನಾನೇ, ಸೊಂಟ ಹಿಡಿದಾಗ ಗೋಡೆ ಹಿಡಿದು ಹೋಗಿ ಅವನ ನವಣೆ ಗಂಜಿ ಕಲಕಿದವಳು ನಾನೇ, ಒಂದು ಲೋಟ ಬಿಸಿನೀರು ಯಾರಾದರೂ ಕೈಗೆ ತಂದುಕೊಟ್ಟದ್ದು ನೆನಪಿಲ್ಲ, ಆ ಜಾಗದಲ್ಲಿ ಕೂತದ್ದಕ್ಕೆ ಸಿಕ್ಕಿದ್ದು ನಗು, ಡ್ಯಾನ್ಸ್ ಮಾಡಿ ಅತ್ತಿಗೆ, ಅದನ್ನು ನಾನು ಇವನಿಂದ ಕಸಿದುಕೊಂಡೆನಂತೆ. ಅದಕ್ಕಿಂತ ಉರಿಯುವುದು ಇದು — ಹೇಳಿದ. ಹೇಳಲು ಬರುತ್ತದೆ ಅವನಿಗೆ, ಬಾಯಿ ಇದೆ, ಕೆಟ್ಟಿದೆ ಎಂಬ ಮಾತು ಗೊತ್ತಿದೆ, ಹಸಿರು ಉಗುರಿನ ಯಾರೋ ಒಬ್ಬಳಿಗೆ, ನಾಳೆ ರೈಲು ಹತ್ತಿ ಹೋಗುವವಳಿಗೆ ಹೇಳಿದ, ಪಕ್ಕದಲ್ಲಿ ಮಲಗಿ ಅವನ ಎದೆಯ ಸಿಳ್ಳು ಕೇಳಿಸಿಕೊಳ್ಳುವ ನನಗೆ ಹೇಳಲಿಲ್ಲ. ಕೇಳಿಸಿಕೊಳ್ಳುತ್ತೇನೆ, ಹೌದು. ವಾರಕ್ಕೆ ಐದರಿಂದ ಏಳು ದಿನ ನಿದ್ದೆ ಬರದವಳಿಗೆ ಕೇಳಿಸದೆ ಇರುತ್ತದೆಯೇ. ಹಾಗಿದ್ದರೆ ನಾನೇಕೆ ಕೇಳಲಿಲ್ಲ, ಹೌ, ಏನಾಗ್ತಿದೆ ನಿಂಗೆ, ಮೂರು ಮಾತು, ನಾಲಿಗೆಯ ತುದಿಗೆ ಬಂದ ದಿನಗಳಿವೆ, ಆಗ ನಾನು ಏನು ಮಾಡಿದೆ, ಅಯ್ಯೋ ನನ್ನ ಮಂಡಿ ಎಂದೆ, ಅವನದಕ್ಕಿಂತ ಮೊದಲು ನನ್ನದನ್ನು ಎತ್ತಿ ಇಟ್ಟೆ, ಜೋರಾಗಿ ಇಟ್ಟೆ. ಕೇಳಿದರೆ ಅವನು ಹೌದು ಎಂದುಬಿಡುತ್ತಾನೆ ಎಂದು ಹೆದರಿಕೆ. ಹೌದು ಎಂದರೆ ಮತ್ತೆ ಮಂಚ, ಮತ್ತೆ ಮಗ್ಗುಲು ಬದಲಿಸುವುದು, ಮತ್ತೆ ಒಂಬತ್ತು ವರ್ಷ, ನನ್ನಲ್ಲಿ ಇನ್ನು ಒಂಬತ್ತು ವರ್ಷದ ಬೆನ್ನು ಇಲ್ಲ. ಇದನ್ನು ಯಾವ ಮೇಡಂ ಕೇಳುತ್ತಾಳೆ, ಇದಕ್ಕೆ ಐದರಲ್ಲಿ ಯಾವುದು ಉತ್ತರ. ಅವನು ಜಾಗ ಇಲ್ಲ ಎಂದು ಬಾಯಿ ಮುಚ್ಚಿಕೊಂಡ, ನಾನು ಜಾಗ ಬಿಡಲು ಭಯಪಟ್ಟು ಬಾಯಿ ಮಾಡಿದೆ, ಅವನು ಹೇಳಿದ್ದು ತಮಾಷೆಯೂ ಅಲ್ಲ ಸುಳ್ಳೂ ಅಲ್ಲ, ಅದಕ್ಕೇ ಮೈಯೆಲ್ಲ ಉರಿಯುತ್ತಿದೆ.

ಪರದೆ ಸರಿಸಿದ್ದು ನನ್ನ ಕೈಯೇ, ಉಂಗುರಗಳು ಕಂಬಿಯ ಮೇಲೆ ಕಿರ್ರೆಂದವು, ಇಬ್ಬರೂ ತಿರುಗಿ ನೋಡಿದರು, ಅವನ ಕೈಯಲ್ಲಿ ಕಾಗದದ ಲೋಟ, ಗಲ್ಲದ ಮೇಲೆ ನೀರು, ನಾನು ಅವನ ಕಡೆ ನೋಡದೆ ನಿಯೆಗೆ, ಮೇಡಂ ನಂದು ತಿದ್ದಿ, ಸಾಧಾರಣ ಅಲ್ಲ, ಕೆಟ್ಟಿದೆ ಅಂತಾನೇ ಹಾಕಿ, ಎಂದೆ. ಮುಗಿಸಿ ಕಳಿಸಿಬಿಟ್ಟೆ ಚಿಕ್ಕಮ್ಮ, ಕಳಿಸಿದ ಮೇಲೆ ತೆಗೆಯೋಕೆ ಬರಲ್ಲ, ಬೀಗ ಬಿದ್ದುಬಿಡತ್ತೆ, ಎಂದಳು. ಸರಿ ಹಾಗಾದ್ರೆ ಅವರದ್ದಾದ್ರೂ ಸರಿಯಾಗಿ ಹಾಕಿ, ಈಗ ಹೇಳಿದ್ರಲ್ಲ, ಎಂದೆ. ಹೌ ಲೋಟ ಮೇಜಿನ ಮೇಲಿಟ್ಟ. ಅವನ ಮುಖ ನನ್ನ ಕಣ್ಣೆದುರೇ ಮುಚ್ಚಿಕೊಂಡಿತು, ಅಂಗಡಿಯ ಶಟರ್ ಇಳಿದ ಹಾಗೆ, ಎದೆ ಮುಂದೆ ಬಂತು, ನಗು ಬಂತು, ಏನು ಹೇಳ್ದೆ ನಾನು, ತಮಾಷೆ ಮಾಡ್ದೆ, ಮೇಡಂ, ಚೆನ್ನಾಗಿದೆ ಅಂತ ಒತ್ತಿ, ಎಂದ. ಹೌ, ಎಂದೆ. ಒತ್ತಿ ಮೇಡಂ, ಹೊರಗೆ ಜನ ಕಾಯ್ತಿದ್ದಾರೆ. ನಿಯೆ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು, ಹಸಿರು ಉಗುರು ಗಾಳಿಯಲ್ಲೇ ನಿಂತಿತ್ತು, ಕೊನೇಲಿ ಅವರು ಏನು ಹೇಳ್ತಾರೋ ಅದನ್ನೇ ಹಾಕ್ಬೇಕು ಚಿಕ್ಕಮ್ಮ, ನಾನು ಬದಲಾಯಿಸೋ ಹಾಗಿಲ್ಲ, ಎಂದಳು, ಕ್ಷಮೆ ಕೇಳುವ ದನಿಯಲ್ಲಿ, ಟಕ್. ಮುಗಿಯಿತು. ಅವನು ಚೆನ್ನಾಗಿದ್ದಾನೆ, ನಾನು ಸಾಧಾರಣ. ಬೀಗ ಬಿತ್ತು. ಎಲ್ಲೋ ದೊಡ್ಡ ಊರಿನಲ್ಲಿ ಯಾರೋ ಕೂತು ನಮ್ಮಿಬ್ಬರನ್ನು ಕೂಡಿ ಕಳೆದು, ಗಣಿ ಕಾಲೊನಿಯ ಮುದುಕ ಮುದುಕಿಯರು ಪರವಾಗಿಲ್ಲ ಎಂದು ಬರೆಯುತ್ತಾರೆ. ಆದರೂ ನಿಯೆ ಎದ್ದು ಬಂದಳು, ಒಂದು ಚೀಟಿಯನ್ನು ಮಡಚಿ ನನ್ನ ಟವೆಲ್ಲಿನ ಪೊಟ್ಟಣದೊಳಗೆ ತುರುಕಿದಳು, ದೊಡ್ಡಾಸ್ಪತ್ರೆಯ ಎದೆ ವಿಭಾಗ, ಇವತ್ತೇ ಹೋಗಿ, ಊದಿದ್ದು ನೂರಾ ಮೂವತ್ತೂ ದಾಟಿಲ್ಲ, ಎಂದು ನನ್ನ ಎಡಗಿವಿಯಲ್ಲಿ ಹೇಳಿದಳು, ಅದು ಕೇಳದ ಕಿವಿ ಎಂದು ತಾನೇ ಒತ್ತಿಕೊಂಡದ್ದನ್ನು ಮರೆತಿದ್ದಳು, ತಿರುಗಿ ಬಾಯಿಯ ಆಕಾರ ನೋಡಿ ಅಂಕಿ ತಿಳಿದುಕೊಂಡೆ.

ಹೊರಗೆ ಮಾರ್ಚಿನ ಗಾಳಿ, ಹಳದಿ ಧೂಳು, ಅವನು ಯಾವಾಗಿನ ಹಾಗೆ ನಾಲ್ಕು ಹೆಜ್ಜೆ ಮುಂದೆ, ನಾನು ಹಿಂದೆ, ಕಲ್ಲಿನ ಮೇಜಿನ ಹತ್ತಿರ ಆಗಲೇ ಚದುರಂಗ ಹರವಿಕೊಂಡಿದ್ದ ಮುದಿ ಚೀ ತಲೆ ಎತ್ತಿ, ಏನಪ್ಪಾ, ನೂರು ವರ್ಷ ಅಂತ ಬರೆದುಕೊಟ್ರಾ, ಎಂದ, ನೂರಾ ಎರಡು, ಎಂದ ಹೌ, ಬಾ ಹಾಗಾದ್ರೆ ಒಂದಾಟ, ಎಂದ ಚೀ, ಆಮೇಲೆ ಬರ್ತೀನಿ, ಎಂದು ಹೌ ನಿಲ್ಲದೆ ನಡೆದ. ನಾನು ಹಿಂದಿನಿಂದಲೇ, ಕೇಳಿಸ್ಕೊಂಡೆ ಹೌ, ಎಂದೆ. ಏನನ್ನ. ಎಲ್ಲಾನೂ. ಅವನು ಹೆಜ್ಜೆ ಜೋರು ಮಾಡಿದ, ಕೋಪ ಬಂದಾಗ ಹಾಗೇ ಮಾಡುತ್ತಾನೆ, ನನ್ನ ಮಂಡಿಗೆ ಹಿಡಿಯಲು ಆಗಬಾರದು ಎಂದು, ಹೋಗಲಿ, ಇವತ್ತು ಅವನ ಹಿಂದೆ ಓಡುವುದಿಲ್ಲ ಎಂದುಕೊಂಡೆ, ಬೇಕಾದರೆ ಮನೆಗೆ ಹೋಗಿ ಬೆಳ್ಳುಳ್ಳಿ ಸುಲಿಯಲಿ, ನಾನೊಬ್ಬಳೇ ದೊಡ್ಡಾಸ್ಪತ್ರೆಗೆ ಹೋಗಿ ನನ್ನ ಎದೆಯನ್ನೇ ಅವನ ಹೆಸರಲ್ಲಿ ತೋರಿಸಿ ಬರುತ್ತೇನೆ, ಚೀ ಮಾಡಿದ ಹಾಗೆ, ಎಂಥ ಯೋಚನೆ, ಸಿಟ್ಟಿನಲ್ಲಿ ತಲೆ ಎಲ್ಲೆಲ್ಲಿಗೋ ಹೋಗುತ್ತದೆ — ಬಾಯ್ಲರ್ ಮನೆಯ ಇಟ್ಟಿಗೆ ಗೋಡೆಯ ಹತ್ತಿರ ಅವನು ನಿಂತ. ಅಲ್ಲಿ ಓದಲು ಮೀಟರಿಲ್ಲ, ಮಾತಾಡಿಸಲು ಯಾರೂ ಇಲ್ಲ, ಸುಮ್ಮನೆ ನಿಂತ, ಹಾಡುಹಗಲಿನಲ್ಲಿ, ಚದುರಂಗದವರೆಲ್ಲ ನೋಡುತ್ತಿರುವಾಗ, ಬಲಗೈ ಚಾಚಿ ಗೋಡೆಗೆ ಇಟ್ಟ, ಬಾಯಿ ತೆರೆದ, ಗಾಳಿ ಇಷ್ಟೊಂದು ಬೀಸುತ್ತಿತ್ತು, ಅವನ ಬಾಯಿಗೆ ಮಾತ್ರ ಸಿಗುತ್ತಿರಲಿಲ್ಲ. ನಾನು ಹತ್ತಿರ ಹೋದೆ. ಒಂದ್ನಿಮಿಷ, ಎಂದ. ಒಂದ್ನಿಮಿಷ ನಿಲ್ಲು. ಮದುವೆಯಾದಾಗಿನಿಂದ ನನಗೆ ನಿಲ್ಲು ಎಂದವನಲ್ಲ, ಬಾ ಎನ್ನುತ್ತಿದ್ದ, ಬೇಗ ಬಾ ಎನ್ನುತ್ತಿದ್ದ. ಚೀ ಕೈಯಲ್ಲಿ ಚದುರಂಗದ ಆನೆ ಹಿಡಿದವನು ಹಾಗೇ ಎದ್ದು ನಿಂತಿದ್ದ, ನಗುತ್ತಿರಲಿಲ್ಲ. ರಸ್ತೆಯಾಚೆ ಆಸ್ಪತ್ರೆಯ ಕಡೆಯ ಬಸ್ಸು ಬಂದು ಬಾಗಿಲು ತೆರೆಯಿತು, ಯಾರೂ ಇಳಿಯಲಿಲ್ಲ, ಇನ್ನೇನು ಹೊರಡುತ್ತದೆ, ನಾನು ಟವೆಲ್ಲಿನ ಪೊಟ್ಟಣ ಎತ್ತಿ ಆಡಿಸಿ, ನಿಲ್ಸಪ್ಪಾ, ಕಾಯಿಲೆಯವರಿದ್ದೀವಿ, ಇಬ್ಬರು, ಎಂದು ಕೂಗಿದೆ, ಇಡೀ ಕಾಲೊನಿಗೆ ಕೇಳಿಸುವಂತೆ ಕೂಗಿದೆ, ಹೌ ಇಲ್ಲ ಎನ್ನಲಿಲ್ಲ, ತಮಾಷೆ ಎನ್ನಲಿಲ್ಲ, ಡ್ರೈವರು ಕಾಯುತ್ತಿದ್ದಾನೆ, ಬಾಗಿಲು ತೆರೆದೇ ಇದೆ, ನಡಿ ಎನ್ನುತ್ತೇನೆ, ತೋಳು ಹಿಡಿಯುತ್ತೇನೆ, ಅವನು ಬರಲು ಒಪ್ಪಿದ್ದಾನೆ, ಕಾಲು ಈ ಕಡೆ ತಿರುಗಿದೆ, ಆದರೆ ಕೈ ಬರುತ್ತಿಲ್ಲ, ಕಲ್ಲಿದ್ದಲು ಹೊಕ್ಕು ನೀಲಿಗಟ್ಟಿದ ಗೆರೆಗಳ ಕೈ, ಐದು ಬೆರಳೂ ಅಗಲಿಸಿ ಗೋಡೆಯನ್ನು ಒತ್ತಿಕೊಂಡಿದೆ, ಸುರಂಗದಲ್ಲಿ ಸೂರು ಅಲುಗಿದಾಗ ಹೀಗೇ ಕೈ ಕೊಟ್ಟು ನಿಲ್ಲುತ್ತಿದ್ದರಂತೆ, ಬೀಳುತ್ತದೋ ಇಲ್ಲವೋ ಎಂದು ಅಂಗೈಯಲ್ಲೇ ತಿಳಿಯುತ್ತಿತ್ತಂತೆ, ಬಿಡು ಹೌ, ಬಸ್ಸು ನಿಂತಿದೆ, ಬಿಡು, ಎನ್ನುತ್ತೇನೆ, ಕೈ, ಇಟ್ಟಿಗೆಯ ಮೇಲೆ ಆ ಕೈ, ಉಗುರಿನ ತುದಿಯೆಲ್ಲ ಬಿಳಿಚಿಕೊಂಡ, ಬಿಡಲಾರದ, ಆ ಕೈ